ನೂರನೇ ಕಂತು, ಒಂದು ವಹಿ, ಮತ್ತು ಸೂಪರ್ ಮಾರ್ಕೆಟ್ ಕಾಕಾ

ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಹಾಕಿಕೊಳ್ಳುವ ಪುಕ್ಕಟೆ ಲಿನಕ್ಸ್‌ನಲ್ಲಿ ಓಡುವ ಆಟಗಳ ಅಂಕಣ ಈ ವಾರ ನೂರು ಕಂತು ಮುಗಿಸಿತು. ಹದಿನೈದು ದಿನಕ್ಕೊಂದು ಕಂತು. ಒಂದರಲ್ಲಿ ಮಂದಿಯಿಂದ ರೊಕ್ಕ ಎತ್ತಿ ತಯಾರಾಗುತ್ತಿರುವ ಆಟಗಳು, ಇನ್ನೊಂದರಲ್ಲಿ ರಿಯಾಯಿತಿಗೆ ಬಂದವು. ನಡುವೆ ಎರಡು ತಿಂಗಳು ಯಾಕೆ ನಿಂತಿತ್ತು ಎಂಬುದು ಇದನ್ನು ಓದುವ ಬಹಳಷ್ಟು ಮಂದಿಗೆ ಗೊತ್ತು, ಮತ್ತೆ ಬರೆಯುವುದಿಲ್ಲ. ಆ ದಿನಗಳಲ್ಲಿ ಬುತ್ತಿ ಕಟ್ಟಿ ಕಳಿಸಿದ ಮೌಶಿಗೆ, ಎರಡು ಕಂತು ತಾವೇ ಬರೆದುಕೊಟ್ಟ ಬೀದರಿನ ಗೆಳೆಯರಿಬ್ಬರಿಗೆ, ಪ್ರತಿ ಸಲ ಕಾಗುಣಿತ ತಿದ್ದುವ ಅಕ್ಕನಿಗೆ, ತಡವಾದರೂ ಒಂದು ಮಾತು ಕೇಳದೆ ಕಾದ ಓದುಗರಿಗೆ ಮನಸಾರೆ ಕೃತಜ್ಞತೆ.

ಉಳಿದ ಜಾಗ ಒಬ್ಬರಿಗೆ ಬೇಕು. ಆದರೆ ಅವರು ಏನು ಉಳಿಸಿಕೊಟ್ಟರು ಎಂದು ಮೊದಲು ಹೇಳಬೇಕು.

ಅಂಕಣದ ಹಿಂದೆ ಒಂದು ವಹಿ ಇದೆ. ಸಾದಾ ಟೆಕ್ಸ್ಟ್ ಫೈಲ್, ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟೂ ದೊಡ್ಡದಲ್ಲ. ಸಾಲಿಗೊಂದು ಆಟ: ಹೆಸರು, ಯಾವ ಅಂಗಡಿ, ಮೂಲ ಬೆಲೆ, ಸೇಲ್ ಬೆಲೆ, ತಾರೀಖು, ಲಿನಕ್ಸ್‌ಗೆಂದೇ ಮಾಡಿದ್ದೋ, ವಿಂಡೋಸ್ ಆಟವನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಮೇಲೆ ಓಡುವುದೋ, ಯಾರು ಯಾವ ಯಂತ್ರದಲ್ಲಿ ಓಡಿಸಿ ನೋಡಿದರು. ಕೊನೆಯ ಆ ಮನೆಯನ್ನು ತುಂಬಿದವರು ಓದುಗರು. ಅಂಗಡಿ ಹಚ್ಚುವ ರಿಯಾಯಿತಿಯ ಹಸಿರು ಚೀಟಿಯ ಮೇಲಿನ ಪ್ರತಿಶತ ನೋಡಿ ಅಗ್ಗ ಎಂದು ಹೇಳಲಾಗದು. 500 ರೂಪಾಯಿಯ ಆಟಕ್ಕೆ ಹೋದ ವರ್ಷ 75 ಪ್ರತಿಶತ ಕಡಿತವಾದರೆ 125ಕ್ಕೆ ಸಿಕ್ಕಿತು. ಈ ವರ್ಷ ಮೂಲ ಬೆಲೆ 800ಕ್ಕೆ ಏರಿ 80 ಪ್ರತಿಶತ ಕಡಿತವಾದರೆ 160 ಕೊಡಬೇಕು. ಕಡಿತ ಹೆಚ್ಚು, ಜೇಬಿಗೆ ಕತ್ತರಿಯೂ ಹೆಚ್ಚು. ಇದನ್ನು ಹೇಳುವುದು ವಹಿ ಮಾತ್ರ. ಅದು ಇಲ್ಲದಿದ್ದರೆ ಅಂಕಣ ಜಾಹೀರಾತಿನ ಪ್ರತಿಯಾಗುತ್ತದೆ.

ಜೂನ್ ಕೊನೆಯ ವಾರ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಬೇಸಿಗೆ ಸೇಲ್ ನಮ್ಮಲ್ಲಿ ರಾತ್ರಿ 10:30ಕ್ಕೆ ತೆರೆಯುತ್ತದೆ. ಚಳಿಗಾಲದಲ್ಲಿ ಅಮೆರಿಕದವರು ಗಡಿಯಾರ ಒಂದು ತಾಸು ಹಿಂದಕ್ಕೆ ತಿರುಗಿಸುವುದರಿಂದ 11:30. ಅವತ್ತು ಸಂಜೆ ಏಳರ ಸುಮಾರಿಗೆ ವಹಿ ಇದ್ದ 500 ಜಿಬಿ ಡಿಸ್ಕ್ ಓದುವುದನ್ನು ನಿಲ್ಲಿಸಿತು. ಅಂಕಣ ನಿಂತಿದ್ದ ಎರಡು ತಿಂಗಳಲ್ಲಿ ಬ್ಯಾಕಪ್ ಕೂಡ ನಿಂತಿತ್ತು. ಆ ಹೊತ್ತಿನಲ್ಲಿ ಓದುಗರು ಕಳಿಸಿದ ಮುನ್ನೂರಕ್ಕೂ ಹೆಚ್ಚು ಸಾಲುಗಳು ಬೇರೆಲ್ಲೂ ಇರಲಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಕಾಕಾ ಆಗ ಶಟರ್ ಎಳೆಯುತ್ತಿದ್ದರು. ಮರುದಿನ ನಸುಕಿಗೆ ಚಿತ್ತಾಪುರ ಕಡೆಯ ತಮ್ಮೂರಿಗೆ ಹೋಗಿ ತೊಗರಿ ಬಿತ್ತಬೇಕಿತ್ತು, ಕೂರಿಗೆಗೆ ಹೇಳಿಟ್ಟಿದ್ದರು. ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದರು.

“ಟಕ್ ಟಕ್ ಅನ್ನಲತ್ತಿಲ್ಲ. ಅಂದಿತ್ತಂದ್ರ ನಾ ಮುಟ್ತಿರಲಿಲ್ಲ ನೋಡು. ಸಾವಕಾಶ ತೆಗಿಬೇಕು ತಮ್ಮಾ, ಕೂಡು.”

ಶಟರ್ ಮತ್ತೆ ಅರ್ಧ ಮೇಲೆ ಹೋಯಿತು.

ಅವರು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ಇದಕ್ಕಿಂತ ಒಳ್ಳೆಯ ಕೃತಜ್ಞತೆ ಹೊಳೆಯುತ್ತಿಲ್ಲ, ಇದು ಇನ್ನೊಬ್ಬರ ಡಿಸ್ಕಿಗೂ ಬೇಕಾದೀತು. ಟಕ್ ಟಕ್ ಸದ್ದು ಬಂದರೆ ಓದುವ ಹೆಡ್ ಕೆಟ್ಟಿದೆ ಎಂದರ್ಥ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಒಳಗಿನ ತಟ್ಟೆ ಕೆರೆಯುತ್ತದೆ, ಅಂಥದ್ದನ್ನು ಅಲ್ಲಿಗೇ ಬಂದ್ ಮಾಡಿ ಧೂಳಿಲ್ಲದ ಕೋಣೆ ಇರುವ ಕಡೆಗೆ ಕಳಿಸಬೇಕು. ನಮ್ಮದು ಬರೀ ಸೆಕ್ಟರ್, ಅಂದರೆ ತಟ್ಟೆಯ ಮೇಲಿನ ಸಣ್ಣ ಸಣ್ಣ ತುಂಡು ಜಾಗ, ಕೆಟ್ಟದ್ದು. ಕಾಕಾ ಮೊದಲು ಅದನ್ನು ಯುಎಸ್‌ಬಿ ಡಬ್ಬಿಯಿಂದ ಬಿಚ್ಚಿ ನೇರ ಕಂಪ್ಯೂಟರಿನೊಳಗಿನ ಸಾಟಾ ಕೇಬಲಿಗೆ ಹಚ್ಚಿದರು. ಓದಲಾಗದ ಜಾಗ ಬಂದಾಗ ಯುಎಸ್‌ಬಿ ಅಡಾಪ್ಟರ್ ಎಷ್ಟೋ ಸಲ ಇಡೀ ಡಿಸ್ಕನ್ನೇ ಕೈಬಿಡುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿದರು, ಡಿಸ್ಕನ್ನು ಮೌಂಟ್ ಮಾಡಲಿಲ್ಲ, ಅಂದರೆ ಒಳಗಿನ ಫೈಲುಗಳನ್ನು ತೆರೆಯಲು ಹೋಗಲಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿಯಲ್ಲಿ 197ನೇ ಸಾಲು ತೋರಿಸಿದರು: ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ. ನೂರಾರಿತ್ತು.

ಆಮೇಲೆ ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟನ್ನು ಬೇರೆ ಡಿಸ್ಕಿಗೆ ಪ್ರತಿ ಮಾಡುವ ಪ್ರೋಗ್ರಾಂ. ಕಮಾಂಡಿನಲ್ಲಿ ಮೊದಲು ಕೆಟ್ಟ ಡಿಸ್ಕ್, ಎರಡನೆಯದು ಪ್ರತಿ ಬೀಳುವ ಜಾಗ, ಮೂರನೆಯದು ಮ್ಯಾಪ್ ಫೈಲ್. ಮೊದಲ ಎರಡು ಅದಲುಬದಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಬರೆದುಹೋಗುತ್ತದೆ. ಎಂಟರ್ ಒತ್ತುವ ಮುಂಚೆ ಕಾಕಾ ಎರಡೂ ಡಿಸ್ಕಿನ ಗಾತ್ರ ಮತ್ತು ಸೀರಿಯಲ್ ನಂಬರನ್ನು ಕಾಗದದ ಮೇಲೆ ಬರೆದು ಬೆರಳಿಟ್ಟು ತಾಳೆ ನೋಡಿದರು. ಮೊದಲ ಸುತ್ತಿಗೆ ಎನ್ ಎಂಬ ಆಯ್ಕೆ: ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಎತ್ತಿಕೊಳ್ಳುವುದು, ಕೆಟ್ಟ ಜಾಗ ಕೆದಕದೆ ಮುಂದೆ ಹೋಗುವುದು. ಡಿಸ್ಕ್ ಯಾವ ಗಳಿಗೆಯಲ್ಲಿ ಪೂರ್ತಿ ಸತ್ತೀತು ಹೇಳಲಾಗದು, ಒಳ್ಳೆಯ ಭಾಗ ಮೊದಲು ಕೈಗೆ ಬರಬೇಕು. ಆರೋಗ್ಯವಾಗಿರುವ 500 ಜಿಬಿ ಡಿಸ್ಕ್ ಎರಡು ತಾಸಿನಲ್ಲಿ ಮುಗಿಯುತ್ತಿತ್ತು. ಇದು ರಾತ್ರಿ ಒಂದಾದರೂ ಮುಗಿಯಲಿಲ್ಲ. ಟೇಬಲ್ ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿ ಇಟ್ಟರು. ನಮಗೆ ಗಾಳಿ ಇರಲಿಲ್ಲ.

ಹೊರಗೆ ಗಾಳಿ ಮಳೆ. ಕರೆಂಟ್ ಎರಡು ಸಲ ಹೋಯಿತು. ಎರಡನೇ ಸಲ ಇನ್ವರ್ಟರ್ ಕೂಡ ಕೂಗಿ ಕೂಗಿ ನಿಂತಿತು. ಆಗ ಕಾಪಾಡಿದ್ದು ಮ್ಯಾಪ್ ಫೈಲ್. ಎಲ್ಲಿವರೆಗೆ ಓದಿಯಾಯಿತು, ಯಾವ ತುಂಡು ಬಾಕಿ ಎಂದು ಅದರಲ್ಲಿ ಆಗಾಗ ಬರೆದಿಡುವುದರಿಂದ, ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಕೊಟ್ಟರೆ ಬಿಟ್ಟ ಜಾಗದಿಂದ ಮುಂದುವರಿಯುತ್ತದೆ. ಮ್ಯಾಪ್ ಫೈಲ್ ಇಲ್ಲದೆ ಡಿಡಿರೆಸ್ಕ್ಯೂ ಓಡಿಸಬೇಡಿ, ನಮ್ಮೂರಿನಲ್ಲಂತೂ ಬೇಡವೇ ಬೇಡ.

ಮೂರು ಗಂಟೆಗೆ ವೇಗದ ಅಂಕಿ ಸೊನ್ನೆಗೆ ಬಂದು ಅಲ್ಲೇ ಕೂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ ಸೊನ್ನೆ. ಆಸ್ಪತ್ರೆಯ ಆ ಎರಡು ತಿಂಗಳಲ್ಲಿ ಬಾರದ ಅಳು ಅಂಗಡಿಯ ಮೆಟ್ಟಿಲ ಮೇಲೆ ಬಂತು. ಒಂದು ಫೈಲಿಗೆ ಯಾರಾದರೂ ಅಳುತ್ತಾರೆಯೇ ಎಂದು ಕಾಕಾ ಕೇಳಲಿಲ್ಲ. ಥರ್ಮಾಸಿನ ಚಹಾ ಬಗ್ಗಿಸಿ ಕೊಟ್ಟು, “ನೀ ಮಲಕೋ ತಮ್ಮಾ, ನಾ ಎಚ್ಚರ ಅದೀನಿ” ಎಂದರು. ಮಲಗಲಾಗಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಕೂತಿರಲಾಯಿತು.

ಸೊನ್ನೆಗೆ ನಿಂತಾಗ ಅವರು ದಿಕ್ಕು ತಿರುಗಿಸಿದರು. ಡಿಡಿರೆಸ್ಕ್ಯೂವನ್ನು ಹಿಂದಿನಿಂದ ಮುಂದಕ್ಕೂ ಓದಿಸಬಹುದು. ಕೆಟ್ಟ ಜಾಗದ ಆಚೆ ಬದಿಯಿಂದ ಬಂದರೆ ಮುಂದಿನಿಂದ ಸಿಗದ ತುಂಡುಗಳು ಸಿಗುತ್ತವೆ. ಉಳಿದದ್ದಕ್ಕೆ ಮೂರು ಮರುಪ್ರಯತ್ನ. ಐದರ ಹೊತ್ತಿಗೆ ಬಾಕಿ ಉಳಿದದ್ದು ಕೆಲವೇ ಎಂಬಿ. ಆಮೇಲೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್‌ನ ರಿಪೇರಿ, ಅದೂ ಪ್ರತಿಯ ಮೇಲೆ ಮಾತ್ರ. ಡಿಸ್ಕ್ ಕೆಟ್ಟ ಕೂಡಲೇ ಅದರ ಮೇಲೆಯೇ ಎಫ್‌ಎಸ್‌ಸಿಕೆ ಎಂಬ ರಿಪೇರಿ ಕಮಾಂಡ್ ಓಡಿಸುವುದು ದೊಡ್ಡ ತಪ್ಪು. ಅದು ಓದುವುದಷ್ಟೇ ಅಲ್ಲ, ಬರೆಯುತ್ತದೆ ಕೂಡ. ಪ್ರತಿಯಲ್ಲಿ ಮೊದಲ ಸೂಪರ್‌ಬ್ಲಾಕ್, ಅಂದರೆ ಫೈಲ್ ಸಿಸ್ಟಮ್‌ನ ಮುಖ್ಯ ಲೆಕ್ಕ ಇರುವ ತುಂಡು, ಹಾಳಾಗಿತ್ತು. ಲಿನಕ್ಸ್‌ನ ಫೈಲ್ ಸಿಸ್ಟಮ್ ಆದ, ನಾಲ್ಕು ಕೆಬಿ ಬ್ಲಾಕಿನ ಇಎಕ್ಸ್‌ಟಿ4ರಲ್ಲಿ ಅದರ ಮೊದಲ ನಕಲು 32768ನೇ ಬ್ಲಾಕಿನಲ್ಲಿರುತ್ತದೆ. ಕಾಕಾ ಆ ಅಂಕಿಯನ್ನು ಎಲ್ಲೂ ನೋಡದೆ ಟೈಪ್ ಮಾಡಿದರು.

5:40ಕ್ಕೆ ವಹಿ ತೆರೆಯಿತು. ಕೊನೆಯ ಸಾಲಿನವರೆಗೂ ಇತ್ತು.

ಬೆಳಗಿನ ಮೊದಲ ಬಸ್ ಹೋಗಿಯಾಗಿತ್ತು. ಕೂರಿಗೆ ಅವತ್ತು ಇನ್ನೊಬ್ಬರ ಹೊಲಕ್ಕೆ ಹೋಯಿತು, ಕಾಕಾ ಬಿತ್ತಿದ್ದು ಎರಡು ದಿನ ತಡವಾಗಿ. ಮಳೆ ಬಂದ ಹದದಲ್ಲಿ ಎರಡು ದಿನ ಎಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಆ ವಹಿಯಲ್ಲಿ ಏನಿತ್ತು ಎಂಬುದಕ್ಕೆ ಒಂದೆರಡು ಪುಟ. ನಮ್ಮ ಕಡೆ ಕೈಗೆಟುಕುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಎಂದರೆ ಓದುಗರ ಸಾಲುಗಳಲ್ಲಿ ಮತ್ತೆ ಮತ್ತೆ ಬರುವುದು ಇಂಟೆಲ್ ಮೂರನೇ ತಲೆಮಾರಿನದು, ಒಳಗೆ ಎಚ್‌ಡಿ 4000 ಗ್ರಾಫಿಕ್ಸ್. 2018ರ ಆಗಸ್ಟ್‌ನಲ್ಲಿ ಸ್ಟೀಮ್‌ನ ಕಂಪನಿ ವಾಲ್ವ್ ಹೊರತಂದ ಪ್ರೋಟಾನ್, ವಿಂಡೋಸ್ ಆಟ ಚಿತ್ರ ಬಿಡಿಸಲು ಬಳಸುವ ಡೈರೆಕ್ಟ್3ಡಿಯನ್ನು ಡಿಎಕ್ಸ್‌ವಿಕೆ ಎಂಬ ಪ್ರೋಗ್ರಾಂ ಮೂಲಕ ಲಿನಕ್ಸ್‌ಗೆ ತಿಳಿಯುವ ವಲ್ಕನ್‌ಗೆ ತಿರುಗಿಸುತ್ತದೆ. 2022ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್‌ವಿಕೆ 2.0ಕ್ಕೆ ವಲ್ಕನ್ 1.3 ಬೇಕೇ ಬೇಕು. ಎಚ್‌ಡಿ 4000ರಲ್ಲಿ ವಲ್ಕನ್ ಅರೆಬರೆ. ಸ್ಟೀಮ್ ಅನ್ನು ಟರ್ಮಿನಲ್‌ನಿಂದ ತೆರೆದರೆ ಐವಿ ಬ್ರಿಜ್‌ಗೆ (ಆ ಮೂರನೇ ತಲೆಮಾರಿನ ಹೆಸರು) ವಲ್ಕನ್ ಬೆಂಬಲ ಪೂರ್ತಿಯಾಗಿಲ್ಲ ಎಂದು ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರ್ ಮೆಸಾ ತಾನೇ ಎಚ್ಚರಿಸುತ್ತದೆ. ಪ್ಲೇ ಒತ್ತಿದರೆ ಆಟ ತೆರೆದಂತೆ ಮಾಡಿ ಮುಚ್ಚಿಕೊಳ್ಳುತ್ತದೆ, ಪರದೆಯ ಮೇಲೆ ಒಂದು ಅಕ್ಷರ ಕಾರಣ ಇರುವುದಿಲ್ಲ. ಲಾಂಚ್ ಆಪ್ಶನ್‌ನಲ್ಲಿ ಡಿಎಕ್ಸ್‌ವಿಕೆ ಬದಲು ವೈನ್‌ಡಿ3ಡಿ ಹಚ್ಚಿದರೆ, ವಲ್ಕನ್ ಬಿಟ್ಟು ಹಳೆಯ ಓಪನ್‌ಜಿಎಲ್ ಮೂಲಕ ಕೆಲವು ಓಡುತ್ತವೆ, ನಿಧಾನಕ್ಕೆ. ಅದೇ ಯಂತ್ರದಲ್ಲಿ ಲಿನಕ್ಸ್‌ಗೆಂದೇ ಮಾಡಿದ ಎಫ್‌ಟಿಎಲ್ ಎಂಬ ಆಟ ಸರಾಗವಾಗಿ ಓಡುತ್ತದೆ. ಪ್ರೋಟಾನ್ ಇದೆಯಲ್ಲ, ಬೇರೆ ಆವೃತ್ತಿ ಯಾಕೆ ಎಂದು ಆಟ ಮಾಡುವವರು ಕೇಳಿದಾಗಲೆಲ್ಲ ಅಂಕಣ ತೋರಿಸುವುದು ಈ ಪುಟವನ್ನೇ.

ಡಿಸ್ಕಿನಲ್ಲಿ ವಿಂಡೋಸ್ ಜೊತೆ ಹಂಚಿಕೊಂಡ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) ಭಾಗದಲ್ಲಿ ಆಟ ಇಟ್ಟರೆ ಪ್ರೋಟಾನ್ ಯಾಕೆ ಎಡವುತ್ತದೆ ಎಂದು ಕಂಡುಹಿಡಿದು ಬರೆದವರು ಬೀದರಿನ ಓದುಗರೊಬ್ಬರು: ಪ್ರತಿ ಆಟಕ್ಕೂ ಅದು ಹೆಸರಿನಲ್ಲೇ ಕೋಲನ್ ಚಿಹ್ನೆ ಇರುವ ಲಿಂಕ್ ಮಾಡುತ್ತದೆ, ವಿಂಡೋಸ್ ಅಂಥ ಹೆಸರನ್ನು ಒಪ್ಪುವುದಿಲ್ಲ. ಪ್ರೋಟಾನ್ ಆ ಲಿಂಕ್ ಇಡುವ ಕಂಪ್ಯಾಟ್‌ಡೇಟಾ ಫೋಲ್ಡರನ್ನು ಇಎಕ್ಸ್‌ಟಿ4 ಭಾಗಕ್ಕೆ ಸರಿಸಿ ಅಲ್ಲಿಗೆ ಲಿಂಕ್ ಕೊಟ್ಟರೆ ಸರಿಹೋಗುತ್ತದೆ. ಡೆಸ್ಕ್‌ಟಾಪನ್ನೇ ಕನ್ನಡದಲ್ಲಿಟ್ಟುಕೊಂಡ ಸುರಪುರದವರೊಬ್ಬರು, ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಕೆಲವು ಹಳೆಯ ಆಟಗಳಿಗೆ ತಮ್ಮ ಫೈಲೇ ಸಿಗುವುದಿಲ್ಲ ಎಂದು ಒಂದೊಂದಾಗಿ ಪಟ್ಟಿ ಮಾಡಿದರು. ಆಟಗಳಿಗೆ ಮಾತ್ರ ಇಂಗ್ಲಿಷ್ ಅಕ್ಷರದ ಒಂದು ಫೋಲ್ಡರ್ ಸಾಕು, ಡೆಸ್ಕ್‌ಟಾಪ್ ಕನ್ನಡದಲ್ಲೇ ಇರಲಿ. ಸನ್ನತಿ ಕಡೆಯ ಶಾಲೆಯ ಮೇಷ್ಟ್ರೊಬ್ಬರು ಪುಕ್ಕಟೆ ಸಿಗುವ ಯುದ್ಧದ ಆಟ ಜೀರೋ ಎ.ಡಿ.ಯನ್ನು ಇಂಟರ್ನೆಟ್ ಇಲ್ಲದೆ ಲ್ಯಾಬಿನ ಕಂಪ್ಯೂಟರುಗಳ ನಡುವೆ ಆಡಿಸಿದ ಕ್ರಮ ಕಳಿಸಿದರು: ಎಲ್ಲದರಲ್ಲೂ ಒಂದೇ ಆವೃತ್ತಿ ಇರಬೇಕು, ಒಂದು ಯಂತ್ರ ಹೋಸ್ಟ್, ಉಳಿದವಕ್ಕೆ ಅದರ ಐಪಿ ವಿಳಾಸ, ಫೈರ್‌ವಾಲ್‌ನಲ್ಲಿ ಯುಡಿಪಿ 20595ನೇ ಪೋರ್ಟ್ ತೆರೆದಿರಬೇಕು. ಅದರಲ್ಲಿ ಮೌರ್ಯರ ಪಾಳೆಯ ಇದೆ. 1986ರಲ್ಲಿ ಅಶೋಕನ ಶಾಸನ ಸಿಕ್ಕ ಊರಿನ ಮಕ್ಕಳು ಅದನ್ನೇ ಆರಿಸಿಕೊಂಡರಂತೆ.

ಇನ್ನೊಂದು ಪುಟವೂ ಉಳಿಯಿತು. ಶಹಾಪುರದ ವಿದ್ಯಾರ್ಥಿಯೊಬ್ಬ, ಮಂದಿಯಿಂದ ರೊಕ್ಕ ಎತ್ತುವ ತಾಣ ಕಿಕ್‌ಸ್ಟಾರ್ಟರ್‌ನ ಒಂದು ಆಟಕ್ಕೆ 25 ಡಾಲರ್ ಹಾಕಿದ, ಅಂಕಣದ ಮಾತು ನಂಬಿ. ಇಂತಿಷ್ಟು ಮೊತ್ತ ದಾಟಿದರೆ ಲಿನಕ್ಸ್ ಆವೃತ್ತಿ ಎಂದು ಆಟ ಮಾಡುವವರು ಹೇಳಿದ್ದರು, ಮೊತ್ತ ದಾಟಿತು, ಆಟ ಬಂತು, ಲಿನಕ್ಸ್ ಆವೃತ್ತಿ ಬರಲೇ ಇಲ್ಲ. ಅವನು ಸಿಟ್ಟಿನ ಒಂದು ಶಬ್ದವಿಲ್ಲದೆ, ಯಂತ್ರದ ವಿವರ, ತಾರೀಖು, ‘ಓಡುವುದಿಲ್ಲ’ ಎಂದು ವಹಿಗೆ ಬೇಕಾದ ರೀತಿಯಲ್ಲೇ ಸಾಲು ಬರೆದು ಕಳಿಸಿದ. ಆ ಸಾಲು ಓದಿದಾಗಲೆಲ್ಲ ಎದೆ ಹಿಂಡುತ್ತದೆ. ತಪ್ಪು ಅಂಕಣದ್ದು. ತಮ್ಮಾ, ನಿನಗೂ ಈ ಬರಹ ಸೇರಬೇಕು. ನೀನು ಬರೆದ ಮೇಲೆಯೇ ನಿಯಮ ಬದಲಾಯಿತು.

ಈಗ ಶಿಫಾರಸು ಮಾಡುವ ಮುಂಚೆ, ಇಂಥ ಆಟಗಳು ಲಿನಕ್ಸ್‌ಗೆ ಯಾವಾಗ ಬಂದವು ಎಂಬ ಹಳೆಯ ಲೆಕ್ಕ ನೋಡಲಾಗುತ್ತದೆ. ಪಿಲ್ಲರ್ಸ್ ಆಫ್ ಎಟರ್ನಿಟಿ 2015ರ ಮಾರ್ಚ್ 26ರಂದು ಲಿನಕ್ಸ್‌ಗೂ ಅದೇ ದಿನ ಬಂತು. ಹಾಲೋ ನೈಟ್ 2017ರ ಫೆಬ್ರವರಿಯಲ್ಲಿ ವಿಂಡೋಸ್‌ಗೆ, ಏಪ್ರಿಲ್‌ನಲ್ಲಿ ಲಿನಕ್ಸ್‌ಗೆ. ಅಂಡರ್‌ಟೇಲ್‌ಗೆ ಹತ್ತು ತಿಂಗಳು ಹಿಡಿಯಿತು. 2014ರ ಜೂನ್‌ನಲ್ಲಿ ಬಂದ ಡಿವಿನಿಟಿ: ಒರಿಜಿನಲ್ ಸಿನ್ ಲಿನಕ್ಸ್ ಮುಟ್ಟಿದ್ದು 2015ರ ಡಿಸೆಂಬರ್‌ನಲ್ಲಿ. ಆಡಿ ನೋಡಬಹುದಾದ ಲಿನಕ್ಸ್ ಡೆಮೊ ಇಲ್ಲದಿದ್ದರೆ ‘ಹಾಕಬೇಡಿ, ಬಿಡುಗಡೆಗೆ ಕಾಯಿರಿ’ ಎಂದೇ ಬರೆಯಲಾಗುತ್ತದೆ. ಕಿಕ್‌ಸ್ಟಾರ್ಟರ್ ಅಂಗಡಿಯಲ್ಲ, ಅಭಿಯಾನ ಮುಗಿದ ಮೇಲೆ ಅದು ರೊಕ್ಕ ವಾಪಸ್ ಕೊಡುವುದಿಲ್ಲ. ಸ್ಟೀಮ್‌ನಲ್ಲಾದರೆ ಕೊಂಡ 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ವಾಪಸ್ ಉಂಟು. ದಿನ ಎಣಿಸುವುದು ಕೊಂಡಂದಿನಿಂದ, ಆದ್ದರಿಂದ ಡೌನ್‌ಲೋಡ್‌ಗೆ ಡೇಟಾ ಇದ್ದಾಗ ಮಾತ್ರ ಕೊಳ್ಳಿ. ಹಾಕಲೇಬೇಕೆನ್ನುವವರಿಗೆ ಒಂದು ಮಾತು: ಅಭಿಯಾನ ಗೆದ್ದು ಮುಗಿದ ದಿನವೇ ರೊಕ್ಕ ಕಡಿತವಾಗುವುದು. ಅಷ್ಟರಲ್ಲಿ ಕಾರ್ಡಿನ ಅಂತಾರಾಷ್ಟ್ರೀಯ ವ್ಯವಹಾರ ಬಂದ್ ಆಗಿದ್ದರೆ ಪಾವತಿ ವಿಫಲವಾಗುತ್ತದೆ, ಸರಿಪಡಿಸಲು ಏಳು ದಿನ ಕೊಡುತ್ತಾರೆ.

ವಹಿ ಈಗ ಮೂರು ಕಡೆ ಇದೆ. ಒಂದು ಮನೆಯಲ್ಲಿ, ಒಂದು ಬೀದರಿನ ಗೆಳೆಯರ ಹತ್ತಿರ, ಒಂದು ಕಾಕಾನ ಅಂಗಡಿಯ ಕಪಾಟಿನಲ್ಲಿ ಆ ಸತ್ತ ಡಿಸ್ಕಿನ ಪಕ್ಕ. ಹೆಸರು ಹಾಕಬ್ಯಾಡ ಎಂದಿದ್ದಾರೆ, ಹಾಕಿಲ್ಲ.

ಕಾಕಾ, ಸೋಮವಾರ ಅಂಗಡಿಗೆ ಬರ್ತೀನ್ರಿ. ಪ್ರತಿ ಇಳಿಸಿಕೊಂಡ ಆ ಹೊಸ ಡಿಸ್ಕಿನ ರೊಕ್ಕ ಈ ಸಲ ನೀವು ತೊಗೋಳೇಬೇಕ್ರಿ.