ಕಾಲ್ ಧ್ವನಿ ಪರೀಕ್ಷೆಗೆ ಇನ್ನು ಮುಂದೆ ಒಂದು ದಿನ ಬೇಕು: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ‘ಕಾಲ್‌ನಲ್ಲಿ ಧ್ವನಿ ಸರಿಯಿಲ್ಲ’ ಎಂದು ಬರುವ ಫೋನ್‌ಗಳನ್ನು ನಿಂತ ಕಾಲಲ್ಲೇ ನೋಡಿ ವಾಪಸ್ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಫೋನ್ ಒಂದು ದಿನ ನಮ್ಮಲ್ಲಿರಬೇಕು. ರಿಪೇರಿ ಮಾಡಿಸಲಿ, ಬಿಡಲಿ, ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಇರುತ್ತದೆ. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಕೆಲಸಗಳು ಮೊದಲಿನ ಹಾಗೇ.

ನಿಮ್ಮಲ್ಲಿ ತುಂಬ ಜನ ಹೇಳಿರುವ ಮಾತು ಒಂದೇ: ‘ನಿಮ್ಮ ಹತ್ರ ಇದ್ದಾಗ ಚೆನ್ನಾಗೇ ಕೇಳಿಸ್ತಿತ್ತು, ಮನೆಗೆ ಹೋದ್ಮೇಲೆ ಮತ್ತೆ ಅದೇ ಗೋಳು.’ ಈ ದೂರು ಸುಳ್ಳಲ್ಲ, ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ‘ಡೂಪ್ಲಿಕೇಟ್ ಪಾರ್ಟ್ ಹಾಕಿದ್ದಾರೆ’ ಎಂಬ ಮಾತನ್ನು ಒಪ್ಪುವುದಿಲ್ಲ. ಕೊರತೆ ಇದ್ದದ್ದು ಪಾರ್ಟ್‌ನಲ್ಲಲ್ಲ, ನಾವು ಮಾಡುತ್ತಿದ್ದ ಪರೀಕ್ಷೆಯಲ್ಲಿ. ಕೌಂಟರ್‌ನಲ್ಲಿ ನಿಂತು ಎರಡು ಸಲ ‘ಹಲೋ’ ಎಂದರೆ ಮೈಕ್ ಸತ್ತಿಲ್ಲ ಎನ್ನುವುದಷ್ಟೇ ಗೊತ್ತಾಗುತ್ತದೆ.

ಈಗಿನ ಹೆಚ್ಚಿನ ಫೋನ್‌ಗಳಲ್ಲಿ ಕನಿಷ್ಠ ಎರಡು ಮೈಕ್ ಇರುತ್ತವೆ. ಚಾರ್ಜಿಂಗ್ ಪೋರ್ಟ್ ಪಕ್ಕದ್ದು ನಿಮ್ಮ ಮಾತು ಹಿಡಿಯುತ್ತದೆ, ಮೇಲಿನ ಅಂಚಿನದ್ದು ಸುತ್ತಲಿನ ಗದ್ದಲ ಹಿಡಿಯುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದದ್ದನ್ನು ಫೋನ್ ಆಚೆ ಕಳಿಸುತ್ತದೆ. ಮೇಲಿನ ತೂತಿಗೆ ಧೂಳು ಕಟ್ಟಿದ್ದರೆ, ಬ್ಯಾಕ್ ಕವರ್ ಅದನ್ನು ಮುಚ್ಚಿದ್ದರೆ ಈ ಲೆಕ್ಕ ತಪ್ಪುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಫ್ಯಾನ್ ಕೆಳಗೋ ರಸ್ತೆ ಬದಿಯಲ್ಲೋ ನಿಂತು ಮಾತಾಡಿದರೆ ಗದ್ದಲವೂ ಆಚೆಯವರಿಗೆ ಹೋಗುತ್ತದೆ, ಅದರ ಜೊತೆ ನಿಮ್ಮ ಮಾತಿನ ತುದಿಗಳೂ ತುಂಡಾಗುತ್ತವೆ. ವಾಯ್ಸ್ ರೆಕಾರ್ಡರ್‌ನಲ್ಲಿ ಚೆನ್ನಾಗಿ ಬಂತು ಎಂಬ ಸಾಕ್ಷಿಯೂ ಇಲ್ಲಿ ನಿಲ್ಲುವುದಿಲ್ಲ. ರೆಕಾರ್ಡರ್ ಎಷ್ಟೋ ಫೋನ್‌ಗಳಲ್ಲಿ ಕೆಳಗಿನ ಮೈಕನ್ನಷ್ಟೇ ಬಳಸುತ್ತದೆ, ಈ ಕಳೆಯುವ ಕೆಲಸಕ್ಕೆ ಕೈಹಾಕುವುದೇ ಇಲ್ಲ.

ಇನ್ನೊಂದು ಕಾರಣ ಫೋನಿನೊಳಗೇ ಇಲ್ಲ. ಹಳೇ ಬಗೆಯ ಕಾಲ್‌ನಲ್ಲಿ 300ರಿಂದ 3,400 ಹರ್ಟ್ಜ್‌ವರೆಗಿನ (ಹರ್ಟ್ಜ್ ಎಂದರೆ ಸೆಕೆಂಡಿಗೆ ಒಂದು ಕಂಪನ) ಧ್ವನಿ ಮಾತ್ರ ದಾಟುತ್ತದೆ. ಹೊಸ ಬಗೆಯ ‘ಎಚ್‌ಡಿ ವಾಯ್ಸ್’ ಕಾಲ್‌ನಲ್ಲಿ 50ರಿಂದ 7,000ದವರೆಗೆ. ‘ಸ’ಕಾರದ ಜೀವ ಇರುವುದು ಹೆಚ್ಚಾಗಿ 4,000ಕ್ಕಿಂತ ಮೇಲೆ. ಅದಕ್ಕೇ ಹಳೇ ಬಗೆಯ ಕಾಲ್‌ನಲ್ಲಿ ‘ಸಸಿ’ ಎಂದದ್ದು ಮಸುಕಾಗುತ್ತದೆ, ‘ಶ’ಕಾರದ್ದು ಅದಕ್ಕಿಂತ ಕೆಳಗಿರುವುದರಿಂದ ‘ಶಶಿ’ ಅಷ್ಟು ಕೆಡುವುದಿಲ್ಲ. ಎಚ್‌ಡಿ ಬರಬೇಕಾದರೆ ಎರಡೂ ಕಡೆಯ ಫೋನ್, ಎರಡೂ ನೆಟ್‌ವರ್ಕ್ ಒಪ್ಪಬೇಕು. ವಿಓಎಲ್‌ಟಿಇ (4ಜಿ ಮೂಲಕವೇ ಕಾಲ್ ಹೋಗುವ ವ್ಯವಸ್ಥೆ) ಆಫ್ ಆಗಿದ್ದರೆ, ಇಲ್ಲವೇ ಮನೆಯಲ್ಲಿ 4ಜಿ ಸಿಗ್ನಲ್ ಕೈಕೊಟ್ಟರೆ, ಅದೇ ಫೋನು ಮಂಕಾಗಿ ಕೇಳುತ್ತದೆ. ಇದಕ್ಕೆ ಇಯರ್‌ಪೀಸ್ (ಫೋನಿನಲ್ಲಿ ಕಿವಿಗಿಡುವ ಕಡೆಯ ಸ್ಪೀಕರ್) ಬದಲಿಸಿ ಪ್ರಯೋಜನವಿಲ್ಲ. ಬದಲಿಸಿ ಎಂದು ಹಟ ಹಿಡಿದವರಿಗೂ ನಾವು ಬದಲಿಸಿಲ್ಲ.

ಪ್ರತಿಧ್ವನಿಯದು ಇನ್ನೊಂದು ತಮಾಷೆ. ನಿಮ್ಮ ಮಾತು ನಿಮಗೇ ತಿರುಗಿ ಕೇಳಿಸುತ್ತಿದ್ದರೆ ದೋಷ ಬಹುತೇಕ ಆಚೆಯವರ ಫೋನಿನದು: ಅಲ್ಲಿನ ಸ್ಪೀಕರ್ ಸದ್ದು ಅಲ್ಲಿನ ಮೈಕ್‌ಗೆ ಸೋರುತ್ತಿದೆ. ಫೋನ್ ರಿಪೇರಿಗೆ ತರಬೇಕಾದವರು ಅವರು.

ಇನ್ನು ಮುಂದೆ ಮಾಡುವುದು ಹೀಗೆ. ಫೋನ್ ಬಿಚ್ಚುವ ಮೊದಲು ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ, ನಮ್ಮದೇ ಎರಡು ಬೇರೆ ಬೇರೆ ನೆಟ್‌ವರ್ಕ್‌ನ ಸಿಮ್ ಹಾಕಿ ಕಾಲ್ ಮಾಡುತ್ತೇವೆ. ಕಿವಿಗಿಟ್ಟು, ಲೌಡ್‌ಸ್ಪೀಕರ್‌ನಲ್ಲಿ, ಬ್ಲೂಟೂತ್‌ನಲ್ಲಿ ಅದೇ ಎಂಟು ವಾಕ್ಯ ಓದುತ್ತೇವೆ. ಮೊದಲು ನಿಶ್ಶಬ್ದದಲ್ಲಿ, ಆಮೇಲೆ ಒಂದು ಮೀಟರ್ ದೂರದಲ್ಲಿ ಗದ್ದಲದ ರೆಕಾರ್ಡಿಂಗ್ ಹಾಕಿ. ಕೊನೆಗೆ ಎರಡೂ ಕಡೆಯವರು ಒಟ್ಟಿಗೆ ಮಾತಾಡುತ್ತೇವೆ. ಕೆಟ್ಟ ಫೋನುಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ, ಒಬ್ಬರ ಮಾತು ಪೂರ್ತಿ ಕಾಣೆಯಾಗುತ್ತದೆ. ಆಚೆ ಬದಿಯಲ್ಲಿ ರೆಕಾರ್ಡ್ ಮಾಡಿ 1ರಿಂದ 5ರ ಅಂಕ ಕೊಡುತ್ತೇವೆ. ಅಂಕ ಕೊಡುವವರು ಫೋನ್ ಬಿಚ್ಚಿದವರಲ್ಲ.

ಲೆಕ್ಕ ಹಾಕಿ: ಇಬ್ಬರು, ತಲಾ ನಲವತ್ತು ನಿಮಿಷ, ಎರಡು ಸಿಮ್‌ಗಳ ರೀಚಾರ್ಜ್, ಈ ಕೆಲಸಕ್ಕೆಂದೇ ಎತ್ತಿಟ್ಟ ಇನ್ನೊಂದು ಫೋನ್. ‘ಇಯರ್‌ಪೀಸ್ ಮುಂದಿನ ಜಾಲರಿ (ಮೆಶ್) ಮೇಲಿನ ಕೊಳೆ ತೆಗೆದಿದ್ದಕ್ಕೆ ಇಷ್ಟಾ?’ ಎಂದು ಕೇಳುವವರಿದ್ದಾರೆ. ಕೊಳೆ ತೆಗೆಯಲು ಐದು ನಿಮಿಷ ಸಾಕು, ನಿಜ. ತೊಂದರೆ ಮೆಶ್‌ನದೇ, ಇಯರ್‌ಪೀಸಿನದಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ ಉಳಿದ ಹೊತ್ತು. ನೋಡದೆಯೇ ಚಾರ್ಜಿಂಗ್ ಬೋರ್ಡ್ ಇಡಿಯಾಗಿ ಬದಲಿಸಿದ್ದರೆ ನಮಗೆ ಸುಲಭವಿತ್ತು, ಬಿಲ್ಲೂ ದೊಡ್ಡದಾಗುತ್ತಿತ್ತು. ಆ ಬೋರ್ಡ್‌ನ ಮೈಕ್ ಸುತ್ತಲಿನ ಸಣ್ಣ ರಬ್ಬರ್ ಸರಿಯಾಗಿ ಕೂರದಿದ್ದರೆ ಹೊಸ ಬೋರ್ಡ್‌ನಲ್ಲೂ ಆಚೆಯವರಿಗೆ ಪ್ರತಿಧ್ವನಿ ಕೇಳಿಸುತ್ತದೆ ಎನ್ನುವುದು ಬೇರೆ ಮಾತು.

ಶುಲ್ಕ ಉಳಿಸಬೇಕೆಂದರೆ, ತರುವ ಮೊದಲು ಮನೆಯಲ್ಲೇ ಇಷ್ಟು ನೋಡಿ. ಬ್ಯಾಕ್ ಕವರ್ ತೆಗೆದು ಒಂದು ಕಾಲ್ ಮಾಡಿ. ಟೆಂಪರ್ಡ್ ಗ್ಲಾಸ್ ಇಯರ್‌ಪೀಸಿನ ಸೀಳನ್ನು ಮುಚ್ಚಿದೆಯೇ ನೋಡಿ. ಒಣಗಿದ ಮೆತ್ತನೆ ಬ್ರಷ್‌ನಿಂದ ಆ ಸೀಳನ್ನು ಅಡ್ಡಡ್ಡ ಉಜ್ಜಿ. ಒತ್ತಿದರೆ ಕೊಳೆ ಒಳಗೇ ಹೋಗುತ್ತದೆ. ಬ್ಲೂಟೂತ್ ಆಫ್ ಮಾಡಿ, ನಿಮ್ಮ ಸಿಮ್ ಇನ್ನೊಂದು ಫೋನಿಗೆ ಹಾಕಿ ಅದೇ ಜಾಗದಿಂದ ಮಾತಾಡಿ. ಅಲ್ಲೂ ಅದೇ ಗೋಳಾದರೆ ನಿಮ್ಮ ಫೋನಿನದು ತಪ್ಪಿಲ್ಲ, ನಮ್ಮಲ್ಲಿಗೆ ಬರುವುದೂ ಬೇಡ. ದಯವಿಟ್ಟು ಸಿಮ್ ಪಿನ್‌ನಿಂದ ಮೈಕ್ ತೂತು ಚುಚ್ಚಬೇಡಿ. ಸಿಮ್ ಟ್ರೇ ತೂತು ಎಂದುಕೊಂಡು ಚುಚ್ಚುವವರೂ ಇದ್ದಾರೆ. ಒಳಗಿನ ಪೊರೆ ಹರಿದರೆ ಮೈಕ್ ಬದಲಿಸದೆ ಬೇರೆ ದಾರಿಯಿಲ್ಲ.

ಪರೀಕ್ಷೆಗೆ ನಿಮ್ಮ ಸಿಮ್ ಬೇಡ, ತೆಗೆದುಕೊಂಡೇ ಕೊಡಿ. ರೆಕಾರ್ಡಿಂಗ್‌ನಲ್ಲಿ ಇರುವುದು ನಮ್ಮ ಧ್ವನಿ ಮಾತ್ರ. ಫೋನ್ ಒಯ್ಯುವಾಗ ಬಿಚ್ಚುವ ಮೊದಲಿನದು, ಮುಚ್ಚಿದ ಮೇಲಿನದು ಎರಡನ್ನೂ ನಿಮ್ಮೆದುರೇ ಹಾಕಿ ಕೇಳಿಸುತ್ತೇವೆ. ವ್ಯತ್ಯಾಸ ನಿಮ್ಮ ಕಿವಿಗೆ ಗೊತ್ತಾಗದಿದ್ದರೆ ರಿಪೇರಿ ಹಣ ಕೇಳುವುದಿಲ್ಲ, ಪರೀಕ್ಷೆಯದ್ದು ಮಾತ್ರ. ಈಗಾಗಲೇ ನಮ್ಮಲ್ಲಿ ಮಾಡಿಸಿ, ಸರಿಹೋಗದೆ ಹಾಗೇ ಬಳಸುತ್ತಿರುವವರು ಬಿಲ್ ಇಲ್ಲದಿದ್ದರೂ ತನ್ನಿ. ಅವರಿಗೆ ಪರೀಕ್ಷೆಯ ಶುಲ್ಕವೂ ಇಲ್ಲ. ಬರುವಾಗ ಯಾರಿಗೆ ಕಾಲ್ ಮಾಡಿದಾಗ, ಎಲ್ಲಿ ನಿಂತಾಗ, ಯಾರ ಕಿವಿಗೆ ಕೆಟ್ಟದಾಗಿ ಕೇಳಿಸಿತು ಎಂದು ಒಂದು ಚೀಟಿಯಲ್ಲಿ ಬರೆದು ತಂದರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ.

ಇಂತಿ ನಿಮ್ಮ,
ರಿಪೇರಿ ವಿಭಾಗದವರು