ಭೂತಕ್ಕೆ ಯಾರೂ ಹೆದರ್ತಿಲ್ಲ ಅಂತ ಫ್ರೆಂಡ್ಸ್ ಮೇಲೆ ಸಿಟ್ಟಾಗಿರೋ ನನ್ನ ಅಳಿಯನಿಗೆ

ಪುಟ್ಟೂ,

ನಿನ್ ವಾಯ್ಸ್ ಮೆಸೇಜ್ ಪೂರ್ತಿ ಕೇಳ್ದೆ ಕಣೋ. ಫಾಸ್ಮೋಫೋಬಿಯಾ, ಅದೇ ನಾಲ್ಕು ಜನ ಸೇರಿ ಮನೇಲಿರೋ ಭೂತ ಯಾವ ಜಾತಿ ಅಂತ ಪತ್ತೆ ಹಚ್ಚೋ ಆನ್‌ಲೈನ್ ಗೇಮು, ಆಡೋಣ ಅಂದ್ರೆ ಒಬ್ಬನಿಗೆ ಆಫೀಸ್ ಕಾಲಂತೆ, ಇನ್ನೊಬ್ಬನಿಗೆ ತಲೆನೋವಂತೆ, ಮೂರನೇವ್ನು ಆನ್‌ಲೈನ್ ಇದ್ಕೊಂಡೇ ರಿಪ್ಲೈ ಮಾಡಲ್ವಂತೆ. ಅವ್ರಿಗೆ ಬೈಯೋ ಮುಂಚೆ ನನ್ ಮಾತು ಸ್ವಲ್ಪ ಕೇಳು, ನಾನೂ ಆ ಗೇಮ್ ಆಡಿದೋನೇ (ನಿಮ್ಮಮ್ಮಂಗೆ ಹೇಳ್ಬೇಡ).

2020ರ ಸೆಪ್ಟೆಂಬರಲ್ಲಿ ಅದು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಗೆ ಬಂದಾಗ ಕೋವಿಡ್ ಟೈಮು, ಜನ ಮನೇಲೇ ಕೂತಿದ್ರು, ಮುಂದಿನ ತಿಂಗಳಷ್ಟೊತ್ತಿಗೆ ಒಂದೇ ಹೊತ್ತಲ್ಲಿ ಲಕ್ಷಕ್ಕೂ ಜಾಸ್ತಿ ಜನ ಆಡ್ತಿದ್ರು. ಗ್ರಾಫಿಕ್ಸಲ್ಲಿ ಅಂಥದ್ದೇನೂ ಇರ್ಲಿಲ್ಲ ಬಿಡು. ಗೇಮಲ್ಲಿರೋ ಟ್ಯಾಂಗಲ್‌ವುಡ್ ಮನೆ ಒಳಗೆ ಟಾರ್ಚ್ ಹಿಡ್ಕೊಂಡು ಹೋದ್ರೆ ಲೈಟ್ ಯಾಕೆ ಮಿಣುಕ್ತು ಅಂತ ನಾಲ್ಕು ಜನದಲ್ಲಿ ಒಬ್ಬನಿಗೂ ಗೊತ್ತಿರ್ತಿರ್ಲಿಲ್ಲ, ಮೈಕಲ್ಲಿ ಮಾತಾಡಿದ್ರೆ ಭೂತಕ್ಕೆ ಕೇಳ್ಸುತ್ತಂತೆ ಅಂತ ಪಿಸುಪಿಸು, ಸತ್ತವ್ನ ದನಿ ಮಧ್ಯದಲ್ಲೇ ಕಟ್. ಭೂತದ ಜೊತೆ ಮಾತಾಡೋ ರೇಡಿಯೋ, ಆ ಸ್ಪಿರಿಟ್ ಬಾಕ್ಸ್ ಮುಂದೆ ನಿಂತು "ಎಲ್ಲಿದ್ದೀಯಪ್ಪಾ" ಅಂತ ಕನ್ನಡದಲ್ಲಿ ಕೇಳೋದು, ಉತ್ತರ ಬರ್ದಿದ್ರೆ ಭೂತಕ್ಕೂ ಇಂಗ್ಲಿಷೇ ಬೇಕಾ ಅಂತ ಬೈಯೋದು.

ಈಗ ನೀನ್ ಆಡೋದು ನೋಡು. ಒಳಗೆ ಕಾಲಿಡೋ ಮುಂಚೆನೇ ಡ್ಯೂಟಿ ಹಂಚ್ತೀಯ, ನೀನು ಭೂತದ ಸುಳಿವು ಹಿಡಿಯೋ ಇಎಂಎಫ್ ಮೀಟರ್ ತಗೋ, ನೀನು ಥರ್ಮಾಮೀಟರು, ಭೂತನ ತಡೆಯೋ ಶಿಲುಬೆ ಅಲ್ಲಿಡು. ಭೂತ ನಮ್ಮನ್ನ ಬೇಟೆಯಾಡೋಕೆ ಶುರು ಮಾಡಿದ್ರೆ ಕಿರ್ಚೋದ್ ಬಿಟ್ಟು ಅದರ ಹೆಜ್ಜೆ ಸದ್ದಿಗೆ ಬೆರಳು ತಟ್ಕೊಂಡು ಸ್ಪೀಡ್ ಅಳೀತೀಯ, ನಿಧಾನಕ್ಕಿತ್ತು, ನನ್ನ ನೋಡಿದ ತಕ್ಷಣ ಜೋರಾಗಿ ಓಡಿ ಬಂತು, ಇದು ರೆವನೆಂಟು ಜಾತಿ ಭೂತ, ವ್ಯಾನಿಗೆ ಬನ್ನಿ, ಮುಗೀತು! ನಿನ್ ಜೊತೆ ಆಡ್ತಿರೋ ಹುಡುಗ ಇನ್ನೂ ಬೀರು ಒಳಗೆ ನಡುಗ್ತಾ ಕೂತಿರ್ತಾನೆ, ಅಷ್ಟರಲ್ಲಿ ಉತ್ತರ ಹೇಳಿಬಿಟ್ಟೆ. ಗೋಡೌನಲ್ಲಿ ಸ್ಟಾಕ್ ಲೆಕ್ಕ ಹಾಕೋ ಹಾಗೆ ಆಗೋಯ್ತಲ್ಲೋ, ಅದಕ್ಕೆ ರಾತ್ರಿ ಹತ್ತಕ್ಕೆ ಯಾರ್ ಬರ್ತಾರೆ?

ಡೆವಲಪರ್ಸ್ ಸೋಮಾರಿಗಳು ಅಂದ್ಯಲ್ಲ, ಅದು ತಪ್ಪು. ಮೊದ್ಲು 12 ಇದ್ದ ಭೂತದ ಜಾತಿ ಈಗ 20 ದಾಟಿದೆ, ಮ್ಯಾಪುಗಳು ಬಂದ್ವು, ಕಷ್ಟದ ಲೆವೆಲ್ ಬಂತು. ಆದ್ರೆ ಹೊಸ ಭೂತ ಬಂದ ರಾತ್ರಿನೇ ನೀನು ಅದರ ವಿಕಿ ಪೇಜ್ ಓದಿ ಮುಗಿಸಿರ್ತೀಯ. ಇನ್ನು ಹೊಸ ಗೇಮ್ ತಗೊಂಡ್ರೆ ಸರಿಹೋಗುತ್ತೆ ಅನ್ನೋದು, 2023ರಲ್ಲಿ ಲೀಥಲ್ ಕಂಪನಿ ಅನ್ನೋ ಗೇಮ್ ಬಂದಾಗ್ಲೂ ನೀನು ಅದನ್ನೇ ಅಂದಿದ್ದೆ, 2025ರಲ್ಲಿ ರೆಪೋ ಅನ್ನೋ ಗೇಮ್ ಬಂದಾಗ್ಲೂ ಅದನ್ನೇ. ಲೀಥಲ್ ಕಂಪನಿಲಿರೋ ಕಾಯಿಲ್‌ಹೆಡ್ ಅನ್ನೋ ರಾಕ್ಷಸನ್ನ ದಿಟ್ಟಿಸ್ತಾ ಇದ್ರೆ ಅದು ನಿಂತಲ್ಲೇ ನಿಂತಿರುತ್ತೆ ಅಂತ ಗೊತ್ತಾಗೋವರೆಗೆ ತಾನೇ ಅದರ ಮಜಾ, ಅದನ್ನೂ ಮೊದಲನೇ ದಿನವೇ ಗ್ರೂಪಲ್ಲಿ ಹಾಕಿದೋನು ನೀನೇ.

ಅದಕ್ಕೆ ದಿನಾ ಇನ್ವೈಟ್ ಕಳ್ಸೋದು ನಿಲ್ಲಿಸು. ಆ ಮೂರು ಜನದ ಜೊತೆ ಬೇರೆ ಏನಾದ್ರೂ ಆಡು, ಇಲ್ಲಾ ಗೇಮೇ ಇಲ್ದೆ ಕಾಲ್ ಮಾಡಿ ಹರಟೆ ಹೊಡಿ, ಹೊಡೆದು ಎಷ್ಟು ದಿನ ಆಯ್ತೋ ಏನೋ. ಫಾಸ್ಮೋನ ಕೆಲವು ತಿಂಗಳು ಹಾಗೇ ಬಿಟ್ಬಿಡು. ಅಷ್ಟೂ ಆಡ್ಲೇಬೇಕು ಅನ್ಸಿದ್ರೆ ನಿನ್ ತಂಗೀನ ಕರ್ಕೊ, ಅವಳು ಒಂದ್ಸಲಾನೂ ಆಡಿಲ್ಲ. ಅವಳೇ ಮುಂದೆ ಹೋಗ್ಲಿ, ನೀನು ಟಾರ್ಚ್ ಹಿಡ್ಕೊಂಡು ಹಿಂದೆ ಹೋಗು. ಭೂತ ಯಾವ್ದು ಅಂತ ಗೊತ್ತಾದ್ರೂ ಬಾಯಿ ಬಿಡ್ಬೇಡ, ಭೂತ ಯಾವ್ದು ಅಂತ ಗುರುತು ಹಾಕೋ ಜರ್ನಲಲ್ಲಿ ಅವಳು ತಪ್ಪು ಟಿಕ್ ಮಾಡಿದ್ರೂ ಸುಮ್ನಿರು, ಸತ್ತರೆ ಸಾಯ್ಲಿ.

ಶನಿವಾರ ನಾನೂ ಫ್ರೀ, ಬೇಕಿದ್ರೆ ಮೂರನೇವ್ನಾಗಿ ಸೇರ್ಕೋತೀನಿ. ನಿನ್ ಮೈಕ್ ಮ್ಯೂಟ್ ಇದ್ರೆ ಮಾತ್ರ.

ನಿನ್ನ ಮಾಮ