ಮಕ್ಕಳ ಹೊರರೋಗಿ ಚಿಕಿತ್ಸೆಯನ್ನೂ ವಿಮೆಗೆ ಸೇರಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಯೊಂದರ ಶಿಕ್ಷಕಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿಂದ ನಮ್ಮ ಕಡೆಯ ಮಕ್ಕಳಿಗೆ ಆಗಿರುವ ಉಪಕಾರ ದೊಡ್ಡದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಹೃದಯದಲ್ಲಿ ರಂಧ್ರವಿರುವ ಮಗುವಿಗೆ ಆಪರೇಷನ್ ಮಾಡಿಸಲು ಈಗ ಹೊಲ ಮಾರಬೇಕಿಲ್ಲ.

ಆದರೆ ಈ ಯೋಜನೆ ಮುಖ್ಯವಾಗಿ ಮಗು ಆಸ್ಪತ್ರೆಗೆ ಅಡ್ಮಿಟ್ ಆದಾಗ ಕೆಲಸಕ್ಕೆ ಬರುತ್ತದೆ. ಮಕ್ಕಳ ಎಷ್ಟೋ ತೊಂದರೆಗಳಿಗೆ ಬೇಕಾಗುವುದು ಅಡ್ಮಿಟ್ ಆಗದೆ ಪಡೆಯುವ ಹೊರರೋಗಿ ಚಿಕಿತ್ಸೆ.

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿಗೆ ಟೈಪ್ 1 ಸಕ್ಕರೆ ಕಾಯಿಲೆ ಇದೆ. ಅವಳಿಗೆ ದಿನವೂ ಇನ್ಸುಲಿನ್ ಬೇಕು, ಜೀವನಪೂರ್ತಿ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇದ್ದರೆ ಸರಿ, ಇಲ್ಲದಿದ್ದರೆ ಮೆಡಿಕಲ್ ಶಾಪ್‌ನಲ್ಲಿ ದುಡ್ಡು ಕೊಟ್ಟು ತರಬೇಕು. ಸಕ್ಕರೆ ಪರೀಕ್ಷೆಯ ಸ್ಟ್ರಿಪ್ ಕೈಯಿಂದಲೇ ಖರ್ಚು. ದಿನಕ್ಕೆ ನಾಲ್ಕು ಸಲ ನೋಡಬೇಕಾದದ್ದನ್ನು ಅವಳ ಮನೆಯವರು ಒಂದೇ ಸಲ ನೋಡುತ್ತಾರೆ. ಆಯುಷ್ಮಾನ್ ಭಾರತ್ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಸೇರಿದೆ. ಹದಿನಾರನೇ ದಿನದಿಂದ ಆ ತಂದೆ-ತಾಯಿ ಏನು ಮಾಡಬೇಕು? ಇನ್ಸುಲಿನ್ ತಪ್ಪಿದರೆ ರಕ್ತದಲ್ಲಿ ಆಮ್ಲ ಹೆಚ್ಚಾಗಿ ಮಗು ಐಸಿಯು ಸೇರುತ್ತದೆ. ಐಸಿಯು ಬಿಲ್ ಕಟ್ಟಲು ತಯಾರಿರುವ ಸರ್ಕಾರ ಇನ್ಸುಲಿನ್‌ಗೂ ಸ್ಟ್ರಿಪ್‌ಗೂ ಕೊಡಬಾರದೇಕೆ? ಫಿಟ್ಸ್ ಇರುವ ಮಕ್ಕಳ ಮಾತ್ರೆ, ಆಸ್ತಮಾ ಇರುವವರ ಇನ್ಹೇಲರ್, ಇವಕ್ಕೂ ಇದೇ ಪ್ರಶ್ನೆ.

ರಕ್ತಹೀನತೆಗೆ ಅಡ್ಮಿಟ್ ಆಗುವ ಮಕ್ಕಳು ಕಡಿಮೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ಅದಿದೆ. ಹಿಂದಿನ ಸಮೀಕ್ಷೆಯಲ್ಲಿ ಶೇ. 60.9 ಇತ್ತು. ಜಾಸ್ತಿ ಆಗಿದೆ ಸಾರ್!

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ, ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಒಳ್ಳೆಯ ಕೆಲಸ ಅದು. ಕಿವಿ ಕೇಳದ, ಕಣ್ಣು ಮಂಜಾದ ಮಕ್ಕಳು ಎಷ್ಟೋ ಸಲ ಗೊತ್ತಾಗುವುದೇ ಆಗ. ರೆಫರಲ್ ಚೀಟಿ ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಹೋಗಿ ಎನ್ನುತ್ತಾರೆ. ಎಷ್ಟೋ ಚೀಟಿಗಳು ಮಕ್ಕಳ ಬ್ಯಾಗಿನಲ್ಲೇ ಉಳಿಯುತ್ತವೆ. ಶಕ್ತಿ ಯೋಜನೆಯಿಂದ ತಾಯಿಗೆ ಬಸ್ ಚಾರ್ಜ್ ಇಲ್ಲ, ನಿಜ. ಆ ದಿನದ ಕೂಲಿ ಹೋಯಿತಲ್ಲ? ಒಂದೇ ದಿನಕ್ಕೆ ಕೆಲಸ ಮುಗಿಯುವುದೂ ಇಲ್ಲ. ಇದನ್ನು ತಂದೆ-ತಾಯಿಯ ಅಸಡ್ಡೆ ಅಂತ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

18 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಯಾವ ರೇಷನ್ ಕಾರ್ಡ್ ಇದ್ದರೂ, ಕಾರ್ಡೇ ಇಲ್ಲದಿದ್ದರೂ, ಹೊರರೋಗಿ ಚಿಕಿತ್ಸೆ ಮತ್ತು ದಿನನಿತ್ಯದ ಔಷಧಿಯನ್ನು ಯೋಜನೆಗೆ ಸೇರಿಸಿ. ಇನ್ಸುಲಿನ್, ಸ್ಟ್ರಿಪ್ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ. ರೆಫರಲ್ ಆದ ಮಗುವಿನ ಜೊತೆ ಹೋಗುವವರಿಗೆ ಆ ದಿನದ ಕೂಲಿ ಕೊಡಿ. ಚೀಟಿ ಪಡೆದ ಮಕ್ಕಳಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಮುಗಿಯಿತು ಎಂಬ ಲೆಕ್ಕವನ್ನು ಪ್ರತಿ ತಾಲ್ಲೂಕಿನಲ್ಲೂ ಜನರ ಮುಂದಿಡಿ.

2010ರಲ್ಲಿ ಬಡವರ ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ ರಾಜ್ಯ ಸರ್ಕಾರ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾಗಿದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಇದನ್ನೂ ಇಲ್ಲಿಂದಲೇ ಶುರು ಮಾಡಿ. ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಹಣ ಇಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಯಾದಗಿರಿ ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕಿ